ಪ್ರಿಂಟರಿಗೆ ಸಲೈನ್ ಪೈಪು

ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಹಳೆ ಇಂಕ್‌ಜೆಟ್ ಪ್ರಿಂಟರಿಗೆ ಹೊರಗಿನಿಂದ ಇಂಕ್ ಟ್ಯಾಂಕ್ ಕೂರಿಸಿದ್ದೇನೆ. ಅವ್ವನಿಗೆ ಮನೆಯಲ್ಲೇ ಸಲೈನ್ ಹಾಕಿಸುವಾಗ ತಂದದ್ದರಲ್ಲಿ ಎರಡು ಸಲೈನ್ ಪೈಪಿನ ಸೆಟ್ಟು, ನಾಲ್ಕು ಸಿರಿಂಜು ಪ್ಯಾಕೆಟ್ ಒಡೆಯದೆ ಉಳಿದಿದ್ದವು. ಅವೇ ಕೆಲಸಕ್ಕೆ ಬಂದವು. ಬಳಸಿದ್ದನ್ನು ಮಾತ್ರ ಯಾರು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಇಂಕ್ ಎಳೆಯಲು ಸಿರಿಂಜು ಬಣ್ಣಕ್ಕೊಂದು ಇರಲಿ, ಮೇಲೆ ಮಾರ್ಕರ್‌ನಿಂದ ಬರೆದಿಡಿ. ಸೂಜಿ ಬೇಡ, ಮೂತಿಗೆ ಒಂದು ತುಂಡು ಪೈಪು ಸಿಕ್ಕಿಸಿದರೆ ಸಾಕು. ನಿಧಾನ ಎಳೆಯಿರಿ. ಜೋರಾಗಿ ಎಳೆದರೆ ಗಾಳಿ ಸೇರುತ್ತದೆ, ಆಮೇಲೆ ಹಾಳೆಯ ಮೇಲೆ ಬಿಳಿ ಗೆರೆ.

ಸಲೈನ್ ಪೈಪನ್ನು ಟ್ಯಾಂಕಿನಿಂದ ಹೆಡ್‌ಗೆ, ಅಂದರೆ ಹಾಳೆಗೆ ಇಂಕ್ ಸಿಂಪಡಿಸುವ ಭಾಗಕ್ಕೆ, ಎಳೆಯಬೇಡಿ. ದಪ್ಪ, ಬಿರುಸು. ಹೆಡ್ ಆಚೆ ಈಚೆ ಓಡುವಾಗ ಜಗ್ಗುತ್ತದೆ. ಅಲ್ಲಿಗೆ ಟ್ಯಾಂಕಿನ ಜೊತೆ ಬಂದ ತೆಳ್ಳನೆ ಪೈಪೇ ಸರಿ. ಸಲೈನ್ ಪೈಪಿನ ನಿಜವಾದ ಜಾಗ ವೇಸ್ಟ್ ಇಂಕ್ ಕಡೆ. ಹೆಡ್ ಕ್ಲೀನ್ ಮಾಡಿದಾಗ ಒಳಗಿನ ಇಂಕ್ ಹೀರುವ ಪ್ಯಾಡಿಗೆ ಹೋಗುವ ಇಂಕನ್ನು ಹೊರಗೆ, ಕೆಳಗಿಟ್ಟ ಬಾಟಲಿಗೆ ಇಳಿಸಬಹುದು. ಸಲೈನ್ ಪೈಪಿನ ಮೇಲೆ ಹರಿವು ನಿಲ್ಲಿಸಲು ಇರುವ ಗಾಲಿ ಕ್ಲಾಂಪ್ ಪ್ರಿಂಟರ್ ಎತ್ತಿಡುವಾಗ ಮುಚ್ಚಲು ಒಳ್ಳೇದು. ಆದರೆ ಮತ್ತೆ ತೆರೆಯುವುದನ್ನು ಮರೆಯಬೇಡಿ. ನಾನು ಮರೆತು ಟೇಬಲ್ಲೆಲ್ಲ ಹೋಳಿ ಆಗಿತ್ತು!

ಇನ್ನೊಂದು, ಟ್ಯಾಂಕನ್ನು ಪ್ರಿಂಟರ್ ಇಟ್ಟ ಮಟ್ಟದಲ್ಲೇ ಇಡಿ. ಸಲೈನ್ ಬಾಟಲಿಯಂತೆ ಮೇಲೆ ತೂಗುಹಾಕಿದರೆ ರಾತ್ರಿಯೆಲ್ಲ ಹೆಡ್‌ನಿಂದ ತೊಟ್ಟಿಕ್ಕುತ್ತದೆ. ನಮ್ಮೂರ ಬೇಸಿಗೆಗೆ ಇಂಕು ಬೇಗ ಒಣಗುತ್ತದಲ್ವಾ, ಎರಡು ದಿನಕ್ಕೊಮ್ಮೆ ಸುಮ್ನೆ ಒಂದು ಬಣ್ಣದ ಹಾಳೆ ತೆಗೆಯಿರಿ.