ಕೈಲಿ ಮಿನೋಗ್ ಹಾಡಿದ ‘ಲಾ ಲಾ ಲಾ’ ಸ್ಟೇಜ್ ಮೇಲೆ ನುಡಿಸೋದು ಹೇಗೆ: ಒಬ್ಬ ಆರ್ಕೆಸ್ಟ್ರಾ ಕೀಬೋರ್ಡಿನವನ ಟಿಪ್ಪಣಿ

ಮೈಸೂರಿನ ಆರ್ಕೆಸ್ಟ್ರಾ ಒಂದರಲ್ಲಿ ಇಪ್ಪತ್ತು ವರ್ಷದಿಂದ ಕೀಬೋರ್ಡ್ ನುಡಿಸ್ತಿದ್ದೀನಿ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು, ಕಂಪನಿಗಳ ಆ್ಯನುಯಲ್ ಡೇ, ಎಲ್ಲಾ ಆಗಿದೆ. ಹೊಸ ಹುಡುಗರು ಫೋನ್ ಮಾಡಿ ಕೇಳೋದು ಒಂದೇ: ‘ಅಣ್ಣಾ, ಇಂಗ್ಲಿಷ್ ಡ್ಯಾನ್ಸ್ ನಂಬರ್ ಶುರು ಮಾಡಿದ್ರೆ ಜನ ಕುಣಿಯೋದು ಬಿಟ್ಟು ಊಟಕ್ಕೆ ಹೋಗ್ತಾರೆ, ಏನ್ ಮಾಡೋದು?’ ಎಲ್ಲರಿಗೂ ನಾನು ಕೊಡೋ ಪಾಠ ಒಂದೇ ಹಾಡು. ಆಸ್ಟ್ರೇಲಿಯಾದ ಪಾಪ್ ಗಾಯಕಿ ಕೈಲಿ ಮಿನೋಗ್ 2001ರಲ್ಲಿ ಹಾಡಿದ, ‘ಲಾ ಲಾ ಲಾ’ ಅಂತ ಮತ್ತೆ ಮತ್ತೆ ಬರೋ ‘ಕಾಂಟ್ ಗೆಟ್ ಯು ಔಟ್ ಆಫ್ ಮೈ ಹೆಡ್’. ಇದನ್ನು ಸರಿಯಾಗಿ ನುಡಿಸೋಕೆ ಬಂದರೆ ಮಿಕ್ಕ ಡ್ಯಾನ್ಸ್ ಪಾಪ್ ಹಾಡುಗಳು ತಾವಾಗಿ ದಾರಿಗೆ ಬರುತ್ತವೆ.

ಮೊದಲು ನಾನು ಕೆಡಿಸಿದ್ದು ಹೇಳಿಬಿಡ್ತೀನಿ. ಬೆಂಗಳೂರಿನ ಒಂದು ಕಂಪನಿ ಕಾರ್ಯಕ್ರಮ. ಈ ಹಾಡು ಬೇಕು ಅಂತ ಕೇಳಿದ್ರು. ಒರಿಜಿನಲ್ ತೀರಾ ಬರಿದು ಅನ್ನಿಸಿ ನಾನು ಮೇಲೆ ಸ್ಟ್ರಿಂಗ್ಸ್ (ಪಿಟೀಲಿನ ಸದ್ದು) ಹಾಕಿದೆ, ಸಾಲುಗಳ ಮಧ್ಯೆ ಬ್ರಾಸ್ (ತುತ್ತೂರಿ ಸದ್ದು) ತುರುಕಿದೆ. ಪ್ಯಾಡಿನವನು, ಅಂದರೆ ಎಲೆಕ್ಟ್ರಾನಿಕ್ ಡ್ರಮ್ ನುಡಿಸೋವನು, ನಾಲ್ಕು ಬಾರ್‌ಗೊಮ್ಮೆ (ನಾಲ್ಕು ಪೆಟ್ಟು ಸೇರಿದರೆ ಒಂದು ಬಾರ್) ಉರುಳಿಕೆ ಕೊಟ್ಟ. ಒಗ್ಗರಣೆ ಮೇಲೆ ಒಗ್ಗರಣೆ. ಎರಡನೇ ನಿಮಿಷಕ್ಕೆ ಫ್ಲೋರ್ ಮೇಲೆ ಉಳಿದಿದ್ದು ಇಬ್ಬರು ಮಕ್ಕಳು ಮತ್ತು ಒಂದು ಬಲೂನು. ರಾತ್ರಿ ವ್ಯಾನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮೂಲ ಹಾಡು ಕೇಳ್ತಾ ಬಂದೆ. ಮದ್ದೂರು ದಾಟೋ ಹೊತ್ತಿಗೆ ಗೊತ್ತಾಯ್ತು: ಅದರಲ್ಲಿ ಇಲ್ಲದ್ದನ್ನೆಲ್ಲ ನಾನು ನುಡಿಸಿದ್ದೆ.

ಇಲ್ಲದಿರೋಕೆ ಕಾರಣ ಆ ಹಾಡು ಹುಟ್ಟಿದ ರೀತಿಯಲ್ಲೇ ಇದೆ. ಬರೆದವರು ಇಬ್ಬರು. ಕ್ಯಾಥಿ ಡೆನಿಸ್ ಸ್ವತಃ ಪಾಪ್ ಹಾಡುಗಾರ್ತಿಯಾಗಿದ್ದವಳು. ರಾಬ್ ಡೇವಿಸ್ ಎಪ್ಪತ್ತರ ದಶಕದ ಮಡ್ ಅನ್ನೋ ಬ್ಯಾಂಡಿನ ಗಿಟಾರಿಸ್ಟ್. ಇಂಗ್ಲೆಂಡಿನ ಸರ್ರೆಯಲ್ಲಿ ಡೇವಿಸ್ ತನ್ನ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಅಲ್ಲಿ ಅವನು ಒಂದು ಡ್ರಮ್ ಲೂಪ್ (ಒಂದೇ ಬೀಟು ಮತ್ತೆ ಮತ್ತೆ) ಹಾಕಿದ, ಅವಳು ಅದರ ಮೇಲೆ ಹಾಡಿನ ಹೆಸರಾದ ಆ ಸಾಲನ್ನು ಹಾಡೋಕೆ ಶುರು ಮಾಡಿದಳು, ಕೆಲವೇ ಗಂಟೆಯಲ್ಲಿ ಡೆಮೊ (ಮಾದರಿ ರೆಕಾರ್ಡಿಂಗ್) ಸಿದ್ಧ. ಅದನ್ನು ಎಸ್ ಕ್ಲಬ್ 7 ಅನ್ನೋ ಪಾಪ್ ತಂಡಕ್ಕೆ ಕೊಡಹೋದರೆ ಅವರ ಮ್ಯಾನೇಜರ್ ಸೈಮನ್ ಫುಲ್ಲರ್ ಬೇಡ ಅಂದ. ಗಾಯಕಿ ಸೋಫಿ ಎಲ್ಲಿಸ್-ಬೆಕ್ಸ್ಟರ್ ಕೈಗೂ ಹೋಗಿ ವಾಪಸ್ ಬಂತು. ಕೈಲಿ ಮಾತ್ರ ಸ್ವಲ್ಪ ಕೇಳಿದ್ದೇ ತಡ, ನನಗೇ ಬೇಕು ಅಂದಳು. ಆ ಗ್ಯಾರೇಜಿನಲ್ಲಿ ಮೊದಲು ಬಂದಿದ್ದು ಬೀಟು, ಆಮೇಲೆ ಬಾಯಿ. ನಾವು ಹಾರ್ಮೋನಿಯಂ ಮುಂದೆ ರಾಗ ಹುಡುಕಿ ಆಮೇಲೆ ತಾಳ ಕಟ್ಟೋ ಅಭ್ಯಾಸದವರು. ಅದಕ್ಕೇ ಎಡವೋದು.

ಈಗ ಕೆಲಸಕ್ಕೆ ಬನ್ನಿ. ಟೆಂಪೋ 126, ಅಂದರೆ ನಿಮಿಷಕ್ಕೆ ಅಷ್ಟು ಪೆಟ್ಟು. ಲೈವ್‌ನಲ್ಲಿ ಹುರುಪು ಬರಲಿ ಅಂತ 132ಕ್ಕೆ ಏರಿಸಬೇಡಿ. ಈ ಹಾಡಿಗೆ ಓಟ ಬೇಡ, ಹಟ ಬೇಕು. ಬಾರಿನ ನಾಲ್ಕೂ ಪೆಟ್ಟಿನ ಮೇಲೆ ಕಿಕ್ (ದಪ್ಪ ಡ್ರಮ್ಮಿನ ಸದ್ದು), ಎರಡು ಮತ್ತು ನಾಲ್ಕಕ್ಕೆ ಕ್ಲ್ಯಾಪ್ (ಚಪ್ಪಾಳೆ ಸದ್ದು), ಪೆಟ್ಟುಗಳ ನಡುವೆ ಹೈ-ಹ್ಯಾಟ್ (ತಟ್ಟೆಯ ಸದ್ದು). ಇಷ್ಟನ್ನೇ ಎಂಟು ಬಾರ್ ನುಡಿಸಿ ನೋಡಿ, ಸುಮಾರು ಹದಿನೈದು ಸೆಕೆಂಡ್ ಆಗುತ್ತೆ. ಏನೂ ಸೇರಿಸದೆ ಆ ಹದಿನೈದು ಸೆಕೆಂಡ್ ಕೂರೋದು ನಮ್ಮ ಪ್ಯಾಡಿನವರಿಗೆ ಏಕಾದಶಿ ಉಪವಾಸಕ್ಕಿಂತ ಕಷ್ಟ. ನಮ್ಮವನಿಗೆ ನಾನು ಎಡಗೈಯಲ್ಲಿ ನೀರಿನ ಬಾಟಲಿ ಹಿಡಿಸಿ ರಿಹರ್ಸಲ್ ಮಾಡಿಸಿದೆ. ಒಂದೇ ಕೈಯಲ್ಲಿ ಉರುಳಿಕೆ ಕೊಡೋಕಾಗಲ್ಲ ನೋಡಿ.

ಶ್ರುತಿ ಡಿ ಮೈನರ್. ಕರ್ನಾಟಕ ಸಂಗೀತ ಕಲಿತವರು ನಟಭೈರವಿಯ ಸ್ವರ ಅಂದುಕೊಳ್ಳಿ, ಆದರೆ ಗಮಕ ಮನೆಯಲ್ಲೇ ಬಿಟ್ಟು ಬನ್ನಿ. ಬೇಸ್ ಲೈನ್ (ತಗ್ಗಿನ ಸ್ವರಗಳ ಸಾಲು) ಎಡಗೈಯಲ್ಲಿ, ಸ್ವರಗಳನ್ನು ಚಿಕ್ಕದಾಗಿ ಕತ್ತರಿಸಿ ನುಡಿಸಿ. ಬೆರಳು ಕೀ ಮೇಲೆ ಕೂತರೆ ಬೇಸ್ ಕಿಕ್ಕಿನ ಮೇಲೆ ಹರಡಿಕೊಂಡು ಎರಡೂ ಮಂಕಾಗುತ್ತವೆ. ಸ್ವರ ಎಳೆಯೋ ಸಸ್ಟೇನ್ ಪೆಡಲ್ ಕಾಲಿಗೆ ಸಿಗದ ಹಾಗೆ ದೂರ ತಳ್ಳಿ.

ಇನ್ನು ‘ಲಾ ಲಾ ಲಾ’. ನಮ್ಮ ಹಾಡಿಗೆ ಪಲ್ಲವಿ, ಅನುಪಲ್ಲವಿ, ಚರಣ ಅಂತ ಮೆಟ್ಟಿಲಿದೆ. ಇಲ್ಲಿ ‘ಲಾ ಲಾ’ ಹೊಸ್ತಿಲಲ್ಲೇ ನಿಂತಿರುತ್ತೆ, ಹೋದಲ್ಲೆಲ್ಲ ಹಿಂದೆ ಬರುತ್ತೆ. ಪದವೇ ಇಲ್ಲದ್ದರಿಂದ ಇಂಗ್ಲಿಷ್ ಬಾರದ ಅಜ್ಜಿಯೂ ಹಾಡಬಹುದು. ಆದ್ದರಿಂದ ಅದನ್ನು ಕೀಬೋರ್ಡಿನಲ್ಲಿ ನುಡಿಸಿ ಜನರಿಂದ ಕಿತ್ತುಕೊಳ್ಳಬೇಡಿ. ಹಾಡೋ ಹುಡುಗಿಗೂ ಹೇಳಿ, ಕೂಗಬಾರದು. ಕೈಲಿ ಅದನ್ನು ಕಿವಿಯ ಹತ್ತಿರ ಗುಟ್ಟು ಹೇಳಿದ ಹಾಗೆ ಹಾಡಿದ್ದಾಳೆ. ಮೈಕ್ ತುಟಿಗೆ ಹತ್ತಿರ ಇರಲಿ, ಸೌಂಡಿನವರಿಗೆ ಮೊದಲೇ ಹೇಳಿ ಮಾನಿಟರ್ (ನಮ್ಮ ಕಡೆ ತಿರುಗಿರೋ ಸ್ಪೀಕರ್) ಸ್ವಲ್ಪ ಇಳಿಸಿಕೊಳ್ಳಿ, ಇಲ್ಲದಿದ್ದರೆ ಸೀಟಿ ಹೊಡೆಯುತ್ತೆ.

‘ಇಷ್ಟು ಬರಿದಾದ ಹಾಡಿಗೆ ಬೆಲೆ ಇದೆಯಾ?’ ಅಂತ ನಮ್ಮ ಹಿರಿಯ ಗಾಯಕರೊಬ್ಬರು ಮೂಗು ಮುರಿದಿದ್ದರು. ಬ್ರಿಟನ್ನಿನಲ್ಲಿ ನಾಲ್ಕು ವಾರ ನಂಬರ್ ಒನ್. 1988ರ ನಂತರ ಕೈಲಿಯನ್ನು ಹೆಚ್ಚು ಕಡಿಮೆ ಮರೆತೇ ಬಿಟ್ಟಿದ್ದ ಅಮೆರಿಕದಲ್ಲಿ 2002ರಲ್ಲಿ ಏಳನೇ ಸ್ಥಾನ. ಗೀತರಚನೆಗೆ ಕೊಡೋ ಐವರ್ ನೊವೆಲ್ಲೊ ಪ್ರಶಸ್ತಿ ಅದೇ ವರ್ಷ ಮೂರು. ಪಾಲ್ ಮೊರ್ಲೆ ಅನ್ನೋ ವಿಮರ್ಶಕ 2003ರ ತನ್ನ ಪುಸ್ತಕದಲ್ಲಿ ಇದರ ವಿಡಿಯೋದ ಕಾರಿನಲ್ಲಿ ಕೈಲಿಯನ್ನು ಕೂರಿಸಿ ಪಾಪ್ ಸಂಗೀತದ ಚರಿತ್ರೆಯನ್ನೇ ಸುತ್ತಿಸಿಬಿಟ್ಟ. ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ‘ಆದ್ರೂ ಚರಣ ಇಲ್ವಲ್ಲಪ್ಪ’ ಅಂದ್ರು.

ಸ್ಟೇಜಿಗೆ ಒಯ್ಯುವಾಗ ಬದಲಾಯಿಸಲೇಬಾರದು ಅಂತೇನಿಲ್ಲ. 2002ರ ಫೆಬ್ರವರಿಯ ಬ್ರಿಟ್ ಅವಾರ್ಡ್ಸ್ ಅನ್ನೋ ಬ್ರಿಟನ್ನಿನ ಸಂಗೀತ ಪ್ರಶಸ್ತಿ ಕಾರ್ಯಕ್ರಮದ ವಿಡಿಯೋ ನೋಡಿ. ಕೈಲಿ ತನ್ನ ಹಾಡಿನ ಕೆಳಗಿದ್ದ ನೆಲವನ್ನೇ ತೆಗೆದು ನ್ಯೂ ಆರ್ಡರ್ ಬ್ಯಾಂಡಿನ 1983ರ ‘ಬ್ಲೂ ಮಂಡೇ’ಯನ್ನು ಹಾಸಿಕೊಂಡಳು. ಅದರ ಟೆಂಪೋ 130ರ ಆಸುಪಾಸು, ಇದು 126, ನೆರೆಹೊರೆ. ಅಷ್ಟು ಜನಕ್ಕೆ ಹಿಡಿಸಿದ ಆ ಮಿಶ್ರಣ ಅದೇ ವರ್ಷದ ಅವಳ ಟೂರ್‌ನಲ್ಲೂ ಇತ್ತು. ಗಮನಿಸಿ, ಅವಳು ಹೊಸದನ್ನು ಮೇಲೆ ಪೇರಿಸಲಿಲ್ಲ, ಒಂದು ತೆಗೆದು ಒಂದು ಇಟ್ಟಳು. 2012ರಲ್ಲಿ ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ಮಾಡಿದ ಆವೃತ್ತಿಯಲ್ಲಿ ಸ್ಟ್ರಿಂಗ್ಸ್ ಇವೆ, ನಿಜ. ಆದರೆ ಅಲ್ಲಿ ಡ್ಯಾನ್ಸ್ ಬೀಟ್ ಎದ್ದು ಹೋಗಿ, ಓಡಿಸೋ ಕೆಲಸವನ್ನು ಪಿಟೀಲುಗಳೇ ಹೊತ್ತಿವೆ. ನಾನು ಮಾಡಿದ ತಪ್ಪು ಇದೇ: ಬೀಟೂ ಇಟ್ಟುಕೊಂಡೆ, ಸ್ಟ್ರಿಂಗ್ಸೂ ಸುರಿದೆ.

ನೀವೂ ಹಾಗೆ ಮಾಡಬಹುದು. ಕೆಳಗೆ ಜನಕ್ಕೆ ಗೊತ್ತಿರೋ ಕನ್ನಡ ಕುಣಿತದ ಹಾಡಿನ ಬೇಸ್ ಹಾಸಿ, ಮೇಲೆ ‘ಲಾ ಲಾ’ ತೇಲಿಸಿ. 126ಕ್ಕೆ ಹತ್ತಿರ ಇರೋದನ್ನೇ ಆರಿಸಿ, ಎರಡೂ ಮೈನರ್ ಆಗಿದ್ದರೆ ಒಳ್ಳೆಯದು.

ಮುಗಿಸೋದು ಹೀಗೆ: ಕೊನೆಯ ಹದಿನಾರು ಬಾರ್‌ನಲ್ಲಿ ಮೊದಲ ಎಂಟಕ್ಕೆ ಬೇಸ್ ನಿಲ್ಲಿಸಿ, ಮುಂದಿನ ಎಂಟಕ್ಕೆ ಕಿಕ್ಕನ್ನೂ ನಿಲ್ಲಿಸಿ, ‘ಲಾ ಲಾ’ ಜನರ ಬಾಯಲ್ಲಿ ಬಿಟ್ಟು ಕೈ ಎತ್ತಿಬಿಡಿ. ಪ್ಯಾಡಿನವನಿಗೆ ಹಿಂದಿನ ದಿನವೇ ಹೇಳಿಡಿ, ಸ್ಟೇಜ್ ಹತ್ತೋ ಮುಂಚೆ ಇನ್ನೊಂದು ಸಲ ಹೇಳಿ. ಇಲ್ಲದಿದ್ದರೆ ಕೈ ಸುಮ್ಮನಿರದೆ ಕೊನೇಲಿ ಒಂದು ‘ಧಡಲ್’ ಕೊಟ್ಟೇ ಕೊಡ್ತಾನೆ.