ಋತುಬಂಧದ ಚಿಕಿತ್ಸೆ: ಹತ್ತಿರದ ಕ್ಲಿನಿಕ್‌ನಲ್ಲೇ ಪಡೆಯುವುದು ಹೇಗೆ?

ನಿದ್ದೆ ಬರುತ್ತಿಲ್ಲ ಎಂದರೆ ನಿದ್ದೆ ಮಾತ್ರೆ, ಎದೆ ಡವಗುಟ್ಟುತ್ತದೆ ಎಂದರೆ ಇಸಿಜಿ, ಕೀಲು ನೋವೆಂದರೆ ನೋವಿನ ಮಾತ್ರೆ. 45 ದಾಟಿದ ಎಷ್ಟೋ ಹೆಂಗಸರು ಒಂದೇ ಕಾರಣಕ್ಕೆ ಮೂರು ಕಡೆ ಅಲೆಯುತ್ತಾರೆ. ‘ಮುಟ್ಟು ಸರಿಯಾಗಿ ಆಗ್ತಿದೆಯಾ?’ ಎಂದು ಯಾರಾದರೂ ಕೇಳಿದ ಮೇಲಷ್ಟೇ ಇದು ಋತುಬಂಧದ, ಅಂದರೆ ಮುಟ್ಟು ನಿಲ್ಲುವ ಕಾಲದ, ತೊಂದರೆ ಎಂಬುದು ಬಯಲಾಗುವುದು. ಇದಕ್ಕೆ ದೊಡ್ಡಾಸ್ಪತ್ರೆಯ ತಜ್ಞರಿಗಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ತಜ್ಞರ ಬಳಿಗೆ ಯಾರನ್ನು ಕಳಿಸಬೇಕೆಂಬ ತಿಳಿವಳಿಕೆ ಇರುವ ಹತ್ತಿರದ ವೈದ್ಯರೇ ಬಹುಪಾಲು ಮಂದಿಗೆ ಸಾಕು.

1. ಬರೆದುಕೊಂಡು ಹೋಗಿ

ಎರಡು ತಿಂಗಳ ಲೆಕ್ಕ ಇದ್ದರೆ ಒಳ್ಳೆಯದು. ‘ಮಂಗಳವಾರ: ಎರಡು ಸಲ ಬೆವರಿ ಎದ್ದೆ, ನೈಟಿ ಬದಲಿಸಿದೆ. ಮುಟ್ಟು 20 ದಿನ ತಡ’ ಎಂಬಷ್ಟೇ ಸಾಕು. ಮೂತ್ರದ ಉರಿ, ಯೋನಿ ಒಣಗುವುದು, ಸಂಭೋಗದಲ್ಲಿ ನೋವು ಇವನ್ನೂ ಬರೆಯಿರಿ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಚೀಟಿಯನ್ನೇ ವೈದ್ಯರ ಕೈಗೆ ಕೊಡಿ.

2. ಅಪಾಯಿಂಟ್‌ಮೆಂಟ್ ಕೇಳುವಾಗಲೇ ವಿಷಯ ಹೇಳಿ

ಈ ಬಗ್ಗೆ ತರಬೇತಿ ಪಡೆದ ವೈದ್ಯರು ಅಥವಾ ನರ್ಸ್ ಇದ್ದಾರೆಯೇ ಎಂದು ಕೇಳಿ. ಸ್ವಲ್ಪ ಹೆಚ್ಚು ಸಮಯವನ್ನೂ ಕೇಳಿ. ಜ್ವರದ ರೋಗಿಗಳ ನಡುವೆ ಐದು ನಿಮಿಷದಲ್ಲಿ ಮುಗಿಯುವ ಮಾತಲ್ಲ ಇದು.

3. ರಕ್ತಪರೀಕ್ಷೆಗೆ ಪಟ್ಟು ಹಿಡಿಯಬೇಡಿ

45 ದಾಟಿದವರಲ್ಲಿ ಲಕ್ಷಣಗಳು ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ಹಾರ್ಮೋನ್ ಪರೀಕ್ಷೆ ಬೇಡ. ಅಂಡಾಶಯವನ್ನು ಪ್ರಚೋದಿಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಮಟ್ಟ ಇವತ್ತೊಂದು, ನಾಳೆ ಇನ್ನೊಂದು ಇರುತ್ತದೆ. ಥೈರಾಯ್ಡ್, ರಕ್ತಹೀನತೆಯ ಅನುಮಾನವಿದ್ದರೆ ಅವನ್ನು ನೋಡಿಸುವುದು ಸರಿ. ಆದರೆ 40 ತುಂಬುವ ಮೊದಲೇ ಮುಟ್ಟು ನಿಂತರೆ ಕಥೆಯೇ ಬೇರೆ: ಆಗ ಎಫ್‌ಎಸ್‌ಎಚ್ ಪರೀಕ್ಷೆ ಆಗಲೇಬೇಕು, ತಜ್ಞರೂ ನೋಡಬೇಕು.

4. ಹಾರ್ಮೋನ್ ಚಿಕಿತ್ಸೆ: ಹೆದರುವ ಮೊದಲು ಕೇಳಿ

ಋತುಬಂಧದಲ್ಲಿ ಕಡಿಮೆಯಾಗುವ ಹಾರ್ಮೋನನ್ನು ಔಷಧವಾಗಿ ಕೊಡುವುದೇ ಈ ಚಿಕಿತ್ಸೆ. ಇದರಿಂದ ಕ್ಯಾನ್ಸರ್ ಬರುತ್ತದೆಂಬ ಭಯದ ಬೇರು ಬಹುಮಟ್ಟಿಗೆ 2002ರಲ್ಲಿದೆ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದಲ್ಲಿ ಈ ಚಿಕಿತ್ಸೆಯನ್ನು ಪರೀಕ್ಷಿಸುತ್ತಿದ್ದ ಒಂದು ಭಾಗವನ್ನು ಸ್ತನ ಕ್ಯಾನ್ಸರ್ ಅಪಾಯ ಕಂಡು ಆ ವರ್ಷ ಅರ್ಧಕ್ಕೇ ನಿಲ್ಲಿಸಿದರು. ಸುದ್ದಿ ಊರೆಲ್ಲ ಹರಡಿತು. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63 ಎಂಬುದು ಮಾತ್ರ ಹರಡಲಿಲ್ಲ. 60ರೊಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡಿದರೆ, ಬೇರೆ ತೊಡಕಿಲ್ಲದ ಬಹುತೇಕರಿಗೆ ಲಾಭವೇ ಹೆಚ್ಚು ಎಂಬುದು ಈಗಿನ ನಿಲುವು. ಅಪಾಯ ಸೊನ್ನೆಯೇನಲ್ಲ: ಎರಡು ಹಾರ್ಮೋನ್ (ಈಸ್ಟ್ರೋಜೆನ್, ಪ್ರೊಜೆಸ್ಟೋಜೆನ್) ಸೇರಿದ ಚಿಕಿತ್ಸೆಯಲ್ಲಿ ಸ್ತನ ಕ್ಯಾನ್ಸರ್ ಸಾಧ್ಯತೆ ತುಸು ಏರುತ್ತದೆ, ವರ್ಷ ಕಳೆದಂತೆ ಇನ್ನಷ್ಟು. ಇದನ್ನು ಮುಚ್ಚಿಡುವ ವೈದ್ಯರೂ ಬೇಡ, ಇದೊಂದನ್ನೇ ಹೇಳಿ ಕಳಿಸುವವರೂ ಬೇಡ.

ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟೋಜೆನ್ ಕೊಡಲೇಬೇಕು, ಇಲ್ಲವಾದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ. ರಕ್ತ ಹೆಪ್ಪುಗಟ್ಟುವ ಭಯವಿದ್ದರೆ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಮೇಲು. ಯೋನಿಯ ಶುಷ್ಕತೆಯೊಂದೇ ತೊಂದರೆಯಾದರೆ ಅಲ್ಲಿಗಷ್ಟೇ ಹಚ್ಚುವ ಕ್ರೀಮ್ ಇದೆ. ಹಾರ್ಮೋನ್ ಬೇಡವೆನ್ನುವವರಿಗೆ ಬೇರೆ ಔಷಧಗಳೂ, ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಇವೆ.

ಅಂದಹಾಗೆ, ಈ ಚಿಕಿತ್ಸೆ ಗರ್ಭನಿರೋಧಕವಲ್ಲ. ಕೊನೆಯ ಮುಟ್ಟು 50ರ ನಂತರವಾದರೆ ಒಂದು ವರ್ಷ, ಮೊದಲಾದರೆ ಎರಡು ವರ್ಷ ಎಚ್ಚರ ಬೇಕು.

5. ತಜ್ಞರ ಬಳಿಗೆ ಯಾರು?

ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಚಿಕಿತ್ಸೆಗೆ ಬಗ್ಗದವರು. ಇಂಥವರಾದರೆ ರೆಫರಲ್ ಕೇಳಿ ಪಡೆಯಿರಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ.

6. ಕ್ಲಿನಿಕ್ ನಡೆಸುವವರಿಗೆ

ಎಲ್ಲರೂ ಪರಿಣತರಾಗಬೇಕಿಲ್ಲ. ಒಬ್ಬ ವೈದ್ಯರಿಗೆ ತರಬೇತಿ ಕೊಡಿಸಿ, ವಾರದಲ್ಲಿ ಅರ್ಧ ದಿನ ಇದಕ್ಕೇ ಮೀಸಲಿಡಿ. ಆಸ್ಪತ್ರೆಯ ತಜ್ಞರೊಬ್ಬರನ್ನು ಫೋನಿನಲ್ಲಿ ಕೇಳುವ ಏರ್ಪಾಡಿದ್ದರೆ ಅರ್ಧಕ್ಕರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ, ರೋಗಿಗೆ ಓಡಾಟವೂ ತಪ್ಪುತ್ತದೆ. ಕಾಯುವ ಕೋಣೆಯಲ್ಲೇ ಲಕ್ಷಣಗಳ ಪಟ್ಟಿ ತುಂಬಿಸಿಕೊಂಡರೆ ಒಳಗೆ ಮಾತಿಗೆ ಸಮಯ ಉಳಿಯುತ್ತದೆ.

7. ಮೂರು ತಿಂಗಳಿಗೆ ಮತ್ತೆ ಹೋಗಿ

ಹಾರ್ಮೋನ್ ಮದ್ದು ಶುರುಮಾಡಿದ ಮೊದಲ ಮೂರು ತಿಂಗಳು ಅಲ್ಪಸ್ವಲ್ಪ ರಕ್ತ ಕಾಣುವುದು ಸಾಮಾನ್ಯ. ಹಾಗೆಂದು ಹೇಳದೆ ಬಿಡಬೇಡಿ. ಪ್ರಮಾಣ ಹೆಚ್ಚು ಕಡಿಮೆ ಮಾಡುವುದು, ಮಾತ್ರೆ ಬಿಟ್ಟು ಪ್ಯಾಚ್‌ಗೆ ಬದಲಿಸುವುದು ಈ ಭೇಟಿಯಲ್ಲೇ ಆಗಬೇಕಾದ ಕೆಲಸ. ಎಲ್ಲ ಸರಿಹೋಗಿದ್ದರೆ ಆಮೇಲೆ ವರ್ಷಕ್ಕೊಮ್ಮೆ ತೋರಿಸಿದರಾಯಿತು.