ಚಾವಡಿಯಲ್ಲೂ ಚೌಕಿಯಲ್ಲೂ ಇನ್‌ಸ್ಟಂಟ್ ಭಾವಚಿತ್ರ

ತೆಗೆದ ಕೂಡಲೇ ಚಿತ್ರವನ್ನು ಕೈಗಿಡುವ ಇನ್‌ಸ್ಟ್ಯಾಕ್ಸ್ ಕ್ಯಾಮೆರಾಗಳ ಮಿನಿ ಫಿಲ್ಮಿನ ಪ್ಯಾಕಿನಲ್ಲಿ 10 ಹಾಳೆಗಳಿದ್ದು, ಒಂದೊಂದರಲ್ಲೂ ಚಿತ್ರಕ್ಕೆ ಸಿಗುವ ಜಾಗ 62 ಮಿಲಿಮೀಟರ್ ಉದ್ದ, 46 ಮಿಲಿಮೀಟರ್ ಅಗಲ ಮಾತ್ರ. ಅಷ್ಟರಲ್ಲಿ ಇಡೀ ಆಳನ್ನು ನಿಲ್ಲಿಸಿದರೆ ಮುಖ ತೊಗರಿಬೇಳೆಯಷ್ಟಾಗುವುದರಿಂದ, ಆಪ್ತ ಚಿತ್ರಕ್ಕೆ ಮುಖ ಮತ್ತು ಕೈಗಳಷ್ಟೇ ಸಾಕು. ಆದರೆ ಕ್ಲೋಸ್‌ಅಪ್ ವ್ಯವಸ್ಥೆಯನ್ನು ಬಳಸದೆ ಕ್ಯಾಮೆರಾಕ್ಕೆ ತಕ್ಕಂತೆ 50–60 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರು, ಲೆನ್ಸಿನ ಪಕ್ಕದಲ್ಲಿರುವುದರಿಂದ ಹತ್ತಿರದ ಚಿತ್ರದಲ್ಲಿ ಮುಖ ಒಂದು ಬದಿಗೆ ಸರಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಗುಣ, ಐಎಸ್‌ಒ 800 ಆಗಿದ್ದರೂ ಬಿಸಿಲು ಮತ್ತು ನೆರಳನ್ನು ಒಟ್ಟಿಗೆ ಹಿಡಿಯುವ ಶಕ್ತಿ ಅದಕ್ಕೆ ಕಡಿಮೆ. ಕಾಸರಗೋಡಿನ ಹಳೆಯ ಮನೆಗಳ ಚಾವಡಿಯಲ್ಲಿ ಅಜ್ಜಿಯನ್ನು ಅಂಗಳಕ್ಕೆ ಬೆನ್ನು ಹಾಕಿ ಕೂರಿಸಿದರೆ ಅಂಗಳ ಬಿಳಿಚಿಕೊಂಡು ಮುಖ ಕಪ್ಪಾಗುತ್ತದೆ. ಅವರನ್ನು ಮಾಡಿನ ನೆರಳಿನ ಅಂಚಿನಲ್ಲಿ ಅಂಗಳದತ್ತ ಮುಖ ಮಾಡಿಸಿ, ನೀವು ಅಂಗಳದಲ್ಲಿ ನಿಲ್ಲಿ. ಫ್ಲ್ಯಾಶ್ ಆರಿಸಲು ಬಾರದ ಕ್ಯಾಮೆರಾಗಳಲ್ಲಿ ಬೆಳಕನ್ನು ಅಳೆಯುವ ಸೆನ್ಸರನ್ನು ಮುಚ್ಚದಂತೆ ಫ್ಲ್ಯಾಶಿಗೆ ತೆಳುವಾದ ಬಿಳಿ ಕಾಗದ ಹಿಡಿದರೆ ಬೆಳಕು ಮೃದುವಾಗುತ್ತದೆ.

ಭಂಗಿ ಕೊಟ್ಟು ರೂಪಿಸುವ ಚಿತ್ರಗಳಿಗೆ ಯಕ್ಷಗಾನದ ಕಲಾವಿದರು ವೇಷ ಕಟ್ಟುವ ಚೌಕಿಗಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಖವರ್ಣಿಕೆ ಮುಗಿದು ಕಿರೀಟ ಕಟ್ಟುವುದಕ್ಕೆ ಮುಂಚಿನ ಅರ್ಧ ವೇಷದಲ್ಲಿ ಕಲಾವಿದರೂ ಕಾಣುತ್ತಾರೆ, ಪಾತ್ರವೂ ಕಾಣುತ್ತದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷದಲ್ಲಿ ಮುಖದ ಮೇಲಿಡುವ ಬಿಳಿ ಚುಟ್ಟಿ ನೇರ ಫ್ಲ್ಯಾಶಿನಲ್ಲಿ ಒಂದೇ ಬಿಳಿ ಪಟ್ಟಿಯಾಗಿಬಿಡುವುದರಿಂದ ಮುಖವನ್ನು ತುಸು ಓರೆಯಾಗಿಸಬೇಕು. ಕಿರೀಟ ಕಟ್ಟಿದ ಮೇಲಾದರೆ ಅದರ ಹೊಳಪು ಕೂಡ ಫ್ಲ್ಯಾಶನ್ನು ಮರಳಿ ಎಸೆಯುತ್ತದೆ. ಹಿಂದೆ ಗಾಢ ಬಣ್ಣದ ಪರದೆಯಿದ್ದರೆ ಉತ್ತಮ. ಅಪ್ಪಣೆ ಕೇಳದೆ ಒಂದು ಹಾಳೆಯನ್ನೂ ಖರ್ಚು ಮಾಡಬೇಡಿ. ಚೌಕಿಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.

ಇನ್‌ಸ್ಟ್ಯಾಕ್ಸ್ ಚಿತ್ರ ಮೂಡಲು ಸುಮಾರು 90 ಸೆಕೆಂಡು ಬೇಕು. ಪೋಲರಾಯ್ಡ್ ಬಣ್ಣದ ಫಿಲ್ಮಿಗೆ 10ರಿಂದ 15 ನಿಮಿಷ ಹಿಡಿಯುತ್ತದೆ, ಅದೂ ಹೊರಬಂದ ಕೂಡಲೇ ಬೆಳಕಿಗೆ ಮರೆಮಾಡಿದರೆ. ಎರಡನ್ನೂ ಅಲುಗಾಡಿಸಬಾರದು. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಪ್ಯಾಕನ್ನು ತಕ್ಷಣ ಒಡೆದರೆ ಒಳಗೆ ತೇವ ಕೂರುತ್ತದೆ. ಕೋಣೆಯ ಹದಕ್ಕೆ ಬರುವವರೆಗೆ ಕಾಯಬೇಕು.

ಈ ಚಿತ್ರಗಳಿಗೆ ನೆಗೆಟಿವ್ ಇಲ್ಲ. ಹಾಗಾಗಿ ಎರಡು ತೆಗೆದು, ಚೆನ್ನಾಗಿ ಬಂದದ್ದನ್ನು ಕುಳಿತವರಿಗೇ ಕೊಡಿ. ಉಳಿದದ್ದನ್ನು ಫೋನಿನಲ್ಲಿ ಪ್ರತಿ ಮಾಡಿ ಹಂಚುವುದಾದರೆ ಅದಕ್ಕೂ ಅವರ ಒಪ್ಪಿಗೆ ಪಡೆಯಿರಿ.